ಚಿಟ್ಟೆಯ ಚಿತ್ರ ಕೆಟ್ಟಾಗ: ಮಸುಕನ್ನು ಓದಿ ದೋಷ ಹುಡುಕುವ ಬಗೆ

ಮಳೆಗಾಲ ಕಳೆದು ಬಿಸಿಲು ಬಿದ್ದ ಒಂದು ಅಕ್ಟೋಬರ್ ಸಂಜೆ, ಪಕ್ಕದ ತೋಟದ ಹುಡುಗ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿಕೊಂಡು ನಮ್ಮ ಜಗಲಿಗೆ ಬಂದ. ಬೆಳಗಿನಿಂದ ಮೂಡಿಗೆರೆ ಕಡೆಯ ಹಳ್ಳವೊಂದರ ದಂಡೆಯಲ್ಲಿ ಚಿಟ್ಟೆಗಳ ಹಿಂದೆ ಅಲೆದಿದ್ದ. “ಚಿಕ್ಕಪ್ಪ, ಲೆನ್ಸ್ ಕೆಟ್ಟಿದೆ ಅನ್ನಿಸುತ್ತದೆ. ಹೊಸದಕ್ಕೆ ಎಷ್ಟಾಗಬಹುದು?” ಎಂದು ಕೇಳಿದ. ಅವನ ಚಿತ್ರಗಳನ್ನು ಒಂದೊಂದಾಗಿ ಪೂರ್ತಿ ಹಿಗ್ಗಿಸಿ ನೋಡಿದೆ. ಒಂದರಲ್ಲಿ ಬ್ಲೂ ಟೈಗರ್ ಚಿಟ್ಟೆ ಚೇಳುಕೊಂಡಿ ಗಿಡದ ಹೂವಿನ ಮೇಲೆ ಕುಳಿತಿತ್ತು. ಚಿಟ್ಟೆಯ ಕಣ್ಣು ಮಸುಕು, ರೆಕ್ಕೆಯ ತಿಳಿನೀಲಿ ಪಟ್ಟೆಗಳೂ ಮಸುಕು. ಆದರೆ ಅದರ ಹಿಂದೆ, ಎರಡು ಬೆರಳಿನಷ್ಟು ದೂರದಲ್ಲಿದ್ದ ಎಲೆಯ ನವಿರು ಕೂದಲುಗಳನ್ನು ಎಣಿಸಬಹುದಾಗಿತ್ತು. ಎಲೆಯ ಕೂದಲನ್ನು ಅಷ್ಟು ಚೊಕ್ಕವಾಗಿ ತೋರಿಸಿದ ಲೆನ್ಸ್ ಕೆಟ್ಟಿರಲು ಸಾಧ್ಯವಿಲ್ಲ. ತಪ್ಪಿದ್ದು ಫೋಕಸ್, ಅದಕ್ಕೆ ಖರ್ಚೇನೂ ಇಲ್ಲ.

ಚಿಟ್ಟೆಯನ್ನು ಹತ್ತಿರದಿಂದ ತೆಗೆಯುವಾಗ ಆಗುವ ತಪ್ಪುಗಳೆಲ್ಲ ಚಿತ್ರದೊಳಗೆ ತಮ್ಮ ಗುರುತನ್ನು ಬಿಟ್ಟಿರುತ್ತವೆ. ಕೈ ಅಲುಗಿದರೆ ಒಂದು ಗುರುತು, ಚಿಟ್ಟೆ ಅಲುಗಿದರೆ ಇನ್ನೊಂದು, ಲೆನ್ಸಿನೊಳಗೆ ಬೂಷ್ಟು ಹಿಡಿದರೆ ಮತ್ತೊಂದು. ಅದನ್ನು ಓದುವ ಮೊದಲೇ ಅಂಗಡಿಗೆ ಹೋಗಿ ಸಾವಿರಾರು ರೂಪಾಯಿ ಕಳೆದುಕೊಂಡವರನ್ನು ನೋಡಿ ನನಗೆ ಸಂಕಟವಾಗಿದೆ. ಅದಕ್ಕಾಗಿ ಈ ಬರಹ. ನಿಮಗೆ ಕಂಡ ಲಕ್ಷಣದಿಂದಲೇ ಓದಲು ಶುರು ಮಾಡಬಹುದು. ಪ್ರತಿ ಲಕ್ಷಣಕ್ಕೂ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ಕಷ್ಟದ್ದು ಆಮೇಲೆ. ಮೊಬೈಲ್ ಆಗಲಿ, ಕ್ಯಾಮೆರಾ ಆಗಲಿ, ಎಲ್ಲಕ್ಕೂ ಮೊದಲು ಲೆನ್ಸಿನ ಮುಂಭಾಗವನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹೆಬ್ಬೆರಳಿನ ಜಿಡ್ಡು ಅಂಟಿದ್ದರೆ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ಮತ್ತೊಂದು ಚಿತ್ರ ತೆಗೆದು ಆಮೇಲೆ ಮುಂದುವರಿಯಿರಿ.

ಲಕ್ಷಣ: ಹತ್ತಿರ ಹೋಗುವಷ್ಟರಲ್ಲಿ ಚಿಟ್ಟೆ ಹಾರಿಹೋಗುತ್ತದೆ

ಎಷ್ಟು ದೂರದಲ್ಲಿ ಹಾರಿತು, ಯಾವ ಗಳಿಗೆಯಲ್ಲಿ ಹಾರಿತು ಎಂಬುದನ್ನು ಗಮನಿಸಿ.

ನೀವು ಇನ್ನೂ ಎರಡು ಮೂರು ಮೀಟರ್ ದೂರದಲ್ಲಿರುವಾಗಲೇ ಹಾರಿದರೆ ನೀವು ಹೊರಟ ಹೊತ್ತು ಸರಿಯಿಲ್ಲ. ಚಿಟ್ಟೆ ತನ್ನ ಮೈಯ ಬಿಸಿಗೆ ಸೂರ್ಯನನ್ನೇ ನೆಚ್ಚಿಕೊಂಡಿರುತ್ತದೆ. ಎದೆಯ ಸ್ನಾಯುಗಳು ಸಾಕಷ್ಟು ಕಾಯದೆ ಅದು ಚುರುಕಾಗಿ ಹಾರಲಾರದು. ಆದ್ದರಿಂದ ಮುಂಜಾನೆ ಎಳೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಎಲೆಯ ಮೇಲೆ ಕುಳಿತುಕೊಳ್ಳುತ್ತದೆ. ನಮ್ಮ ಕಡೆ ಚಳಿಗಾಲದಲ್ಲಿ ಮಂಜು ಹರಿಯಲು ತಡವಾಗುವುದರಿಂದ ಏಳರಿಂದ ಒಂಬತ್ತರವರೆಗಿನ ಹೊತ್ತು ಬಂಗಾರದಂಥದು. ಕೆಲವೊಮ್ಮೆ ರೆಕ್ಕೆಯ ಮೇಲೆ ಇಬ್ಬನಿಯ ಹನಿಗಳೂ ಇರುತ್ತವೆ. ಹತ್ತೂವರೆಗೆ ತಿಂಡಿ ಮುಗಿಸಿ ಹೊರಟರೆ ಅದೇ ಚಿಟ್ಟೆ ಕೈಗೆ ಸಿಗುವುದಿಲ್ಲ.

ತೀರಾ ಸಮೀಪಕ್ಕೆ ಬಂದ ಮೇಲೆ ಹಾರಿದರೆ ನಿಮ್ಮ ನೆರಳನ್ನು ನೋಡಿಕೊಳ್ಳಿ. ಬಿಸಿಲು ಕಾಯುತ್ತಿರುವ ಚಿಟ್ಟೆಯ ಮೇಲೆ ನೆರಳು ಬಿದ್ದರೆ ಅದು ಮರುಕ್ಷಣ ಎದ್ದುಹೋಗುತ್ತದೆ. ಸೂರ್ಯ ಬೆನ್ನ ಹಿಂದೆ ನೇರವಾಗಿರುವ ಬದಲು ಪಕ್ಕಕ್ಕಿರುವಂತೆ ಸುತ್ತಿಬಳಸಿ ಹೋಗಿ. ನಿಂತು ನಡೆಯುವುದಕ್ಕಿಂತ ಬಗ್ಗಿ ಹೋಗುವುದು ಉತ್ತಮ, ಏಕೆಂದರೆ ಆಕಾಶಕ್ಕೆ ಎದುರಾಗಿ ಎದ್ದು ಕಾಣುವ ಆಕಾರವೇ ಅದನ್ನು ಬೆದರಿಸುವುದು. ಕ್ಯಾಮೆರಾ ಎತ್ತಿದ ಕ್ಷಣದಲ್ಲೇ ಹಾರಿದರೆ ದೋಷ ನಿಮ್ಮ ತೋಳಿನದು. ಚಿಟ್ಟೆಯ ಕಣ್ಣು ಚಲನೆಯನ್ನು ಹಿಡಿಯುವುದರಲ್ಲಿ ಬಲು ಚುರುಕು. ಐದಾರು ಹೆಜ್ಜೆ ದೂರದಲ್ಲೇ ಕ್ಯಾಮೆರಾವನ್ನು ಕಣ್ಣಿಗೆ ಏರಿಸಿಕೊಂಡು, ಆಮೇಲೆ ಹೆಜ್ಜೆ ಇಡಿ. ಒಂದು ಹೆಜ್ಜೆ, ಒಂದು ಚಿತ್ರ. ಇನ್ನೊಂದು ಹೆಜ್ಜೆ, ಇನ್ನೊಂದು ಚಿತ್ರ. ಕೊನೆಯ ಹೆಜ್ಜೆಗೆ ಅದು ಹಾರಿದರೂ ಹಿಂದಿನ ಚಿತ್ರ ನಿಮ್ಮಲ್ಲಿ ಉಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಕೈಗೂಡದಿದ್ದರೆ ಬೇರೆ ಚಿಟ್ಟೆಯನ್ನು ಆರಿಸಿಕೊಳ್ಳಿ. ಹಳ್ಳದ ಒದ್ದೆ ಮರಳಿನಲ್ಲಿ ಗುಂಪಾಗಿ ಕುಳಿತು ಉಪ್ಪಿನಂಶವನ್ನು ಹೀರುವ ಚಿಟ್ಟೆಗಳಿಗೆ ಮೈಮೇಲೆ ಎಚ್ಚರ ಕಡಿಮೆ. ಮೊಣಕೈಯೂರಿ ತೆವಳಿದರೆ ಒಂದು ಅಡಿಯವರೆಗೂ ಬಿಡುತ್ತವೆ. ಚೇಳುಕೊಂಡಿ ಗಿಡಕ್ಕೆ, ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಕ್ರೊಟಲೇರಿಯಾ ಗಿಡಕ್ಕೆ ಬರುವ ಬ್ಲೂ ಟೈಗರ್, ಕಾಮನ್ ಕ್ರೋ ಗಂಡು ಚಿಟ್ಟೆಗಳು ಅಲ್ಲಿನ ಆಲ್ಕಲಾಯ್ಡ್ ಎಂಬ ಸಸ್ಯರಾಸಾಯನಿಕವನ್ನು ಹೀರುವುದರಲ್ಲಿ ಮೈಮರೆತಿರುತ್ತವೆ. ಹೆಣ್ಣನ್ನು ಸೆಳೆಯುವ ಪರಿಮಳವನ್ನು ಅವು ಅದರಿಂದಲೇ ತಯಾರಿಸಿಕೊಳ್ಳುತ್ತವೆ. ತೋಟದಲ್ಲಿ ಬಿದ್ದು ಕೊಳೆತ ಹಲಸಿನ ಹಣ್ಣಿಗೆ ಬ್ಲೂ ಓಕ್‌ಲೀಫ್ ಬರುತ್ತದೆ. ರೆಕ್ಕೆ ಮುಚ್ಚಿದರೆ ನಡುನರ ಸಹಿತ ಒಣ ಎಲೆಯೇ ಸರಿ. ತನ್ನ ವೇಷದ ಮೇಲಿನ ನಂಬಿಕೆಯಿಂದ ಅದು ಬೇಗ ಕದಲುವುದಿಲ್ಲ. ಆ ಹಣ್ಣಿಗೆ ಕಣಜಗಳೂ ಬರುತ್ತವೆ, ಮುಖ ಒಡ್ಡುವ ಮೊದಲು ನೋಡಿಕೊಳ್ಳಿ.

ಇನ್ನು ಕೆಲವು ಜಾತಿಗಳು ಕಾವಲುಗಾರರ ಹಾಗೆ. ಒಂದು ಕೊಂಬೆಯ ತುದಿಯಿಂದ ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅದೇ ತುದಿಗೆ ಬಂದು ಕೂರುತ್ತವೆ. ಅಂಥದ್ದು ಹಾರಿದರೆ ಬೆನ್ನಟ್ಟಬೇಡಿ. ಅದು ಕುಳಿತಿದ್ದ ಎಲೆಗೇ ಫೋಕಸ್ ಮಾಡಿಕೊಂಡು ಹತ್ತು ನಿಮಿಷ ಉಸಿರು ಹಿಡಿದು ಕಾಯಿರಿ.

ನೆಲಕ್ಕೆ ಮಂಡಿಯೂರುವ ಮೊದಲು

ಚಿಟ್ಟೆಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ ಎಂದು ಮುಂದೆ ಹೇಳಲಿದ್ದೇನೆ. ಆದ್ದರಿಂದ ಈ ಮಾತು ಇಲ್ಲೇ ಆಗಿಬಿಡಲಿ.

ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದ ತೋಟಗಳಲ್ಲಿ ಬೆಳಗ್ಗೆ ಕಾಲಿಡುವ ಮುನ್ನ ಕೂಲಿಕಾರರ ಲೈನ್ ಮನೆಯವರನ್ನೋ ತೋಟದ ಲೆಕ್ಕ ಬರೆಯುವ ರೈಟರನ್ನೋ ಕೇಳಿ: ರಾತ್ರಿ ಆನೆ ಬಂದಿತ್ತೇ? ಬಂದಿದ್ದರೆ ಆ ದಿನ ಆ ತೋಟ ಬೇಡ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟವರಿಗೆ ಇಪ್ಪತ್ತು ಮೀಟರ್ ಆಚೆಯ ಆನೆಯೂ ಕಾಣುವುದಿಲ್ಲ. ಒಬ್ಬರೇ ಹೋಗಬೇಡಿ. ಸೋಲಾರ್ ಬೇಲಿಗೆ ಟ್ರೈಪಾಡ್ ಒರಗಿಸಬೇಡಿ. ತರಗೆಲೆಯ ಮೇಲೆ ಕೈಯೂರುವ ಮೊದಲು ಕೋಲಿನಿಂದ ಕೆದಕಿ ನೋಡಿ. ಮಂಡಲದ ಹಾವಿನ ಮೈಬಣ್ಣವೂ ತರಗೆಲೆಯದೇ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಯಾವುದೂ ಬೇಡ. ಆ ಭಾಗವನ್ನು ಅಲುಗಿಸದೆ ನೇರ ಆಸ್ಪತ್ರೆಗೆ ಹೋಗಿ.

ಮಳೆಗಾಲದ ಇಂಬಳ ಕಾಟ ಕೊಡುತ್ತದೆ, ಅಪಾಯ ಮಾಡುವುದಿಲ್ಲ. ಹೆದರಬೇಕಾದದ್ದು ಬೇಸಿಗೆಯ ಉಣ್ಣೆಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಈ ಹುಳದಿಂದ ಹರಡುವ ಮಂಗನ ಕಾಯಿಲೆ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಗಳಲ್ಲೂ ಕಾಣಿಸಿಕೊಂಡಿದೆ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಸಿಕ್ಕರೆ ಕೈಕಾಲಿಗೆ ಹಚ್ಚಿ. ಮನೆಗೆ ಬಂದೊಡನೆ ಬಿಸಿನೀರು, ಸಾಬೂನಿನಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಸುದ್ದಿ ಮುಟ್ಟಿಸಿ. ಕಾಡಿಗೆ ಹೋಗಿಬಂದ ವಾರದೊಳಗೆ ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದ ವಿಷಯವನ್ನು ಮರೆಯದೆ ಹೇಳಿ.

ತೋಟಕ್ಕೆ ಮಾಲೀಕರ ಒಪ್ಪಿಗೆ ಬೇಕು, ಭದ್ರಾದಂಥ ರಕ್ಷಿತಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಚಾರ್ಮಾಡಿ ಘಾಟಿಯಲ್ಲಿ ಬಂಡೆಯಿಂದ ನೀರು ಜಿನುಗುವ ಕಡೆ ಚಿಟ್ಟೆಗಳು ಕೂರುತ್ತವೆ ನಿಜ, ಆದರೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ರಸ್ತೆಯಲ್ಲಿ ಮಲಗುವ ಕೆಲಸ ಮಾತ್ರ ಬೇಡ.

ಲಕ್ಷಣ: ಚಿತ್ರ ಮಸುಕಾಗಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಚಿತ್ರವನ್ನು ಪೂರ್ತಿ ಹಿಗ್ಗಿಸಿ, ಮೂರು ಜಾಗ ನೋಡಿ: ಚಿಟ್ಟೆಯ ಕಣ್ಣು, ಅದು ಕುಳಿತ ಹೂವಿನ ಅಂಚು, ಅದರ ಮುಂದೆ ಮತ್ತು ಹಿಂದೆ ಇರುವ ಎಲೆ.

ಮೂರೂ ಕಡೆ ಒಂದೇ ದಿಕ್ಕಿಗೆ ಎಳೆದಂತೆ ಮಸುಕಾಗಿದ್ದರೆ, ಚುಕ್ಕೆಗಳೆಲ್ಲ ಚಿಕ್ಕ ಗೀಟುಗಳಾಗಿದ್ದರೆ ನಿಮ್ಮ ಕೈ ಅಲುಗಿದೆ. ದೂರದ ದೃಶ್ಯಕ್ಕೆ 100 ಮಿಮೀ ಲೆನ್ಸಿನಲ್ಲಿ 1/125 ಸೆಕೆಂಡ್ ಶಟರ್ ವೇಗ (ಬೆಳಕು ಒಳಬರಲು ಶಟರ್ ತೆರೆದಿರುವ ಹೊತ್ತು) ಸಾಕಾಗಬಹುದು. ಆದರೆ ಇಷ್ಟು ಹತ್ತಿರದಲ್ಲಿ ಬಿಂಬದ ಜೊತೆಗೆ ಕೈನಡುಕವೂ ಹಿಗ್ಗುತ್ತದೆ. ಲೆನ್ಸಿನೊಳಗಿನ ನಡುಕ ತಡೆಯುವ ವ್ಯವಸ್ಥೆಯ ನೆರವೂ ತೀರಾ ಹತ್ತಿರದಲ್ಲಿ ಕುಗ್ಗುತ್ತದೆ. ಶಟರ್ ವೇಗವನ್ನು 1/400ಕ್ಕೆ ಏರಿಸಿ, ಬೆಳಕು ಸಾಲದಿದ್ದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಹೆಚ್ಚಿಸಿ. ಚಿತ್ರದಲ್ಲಿ ಸ್ವಲ್ಪ ಕಾಳು ಕಾಣಿಸಿದರೆ ಸಹಿಸಬಹುದು, ಅಲುಗಿದ ಚಿತ್ರವನ್ನು ಯಾವ ತಂತ್ರಾಂಶವೂ ಪೂರ್ತಿ ರಿಪೇರಿ ಮಾಡಲಾರದು. ಮೊಣಕೈಯನ್ನು ಮಂಡಿಗೆ ಊರಿ, ಉಸಿರನ್ನು ಅರ್ಧ ಬಿಟ್ಟು, ಗುಂಡಿ ಒತ್ತಿ.

ಎಲೆ, ಹೂವು ಸ್ಪಷ್ಟವಾಗಿದ್ದು ಚಿಟ್ಟೆಯ ರೆಕ್ಕೆ ಮಾತ್ರ ಕದಡಿದ್ದರೆ ಅಲುಗಿದ್ದು ಚಿಟ್ಟೆ. ಇದು ಜಾತಿಯ ಗುಣವೂ ಹೌದು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್, ಬ್ಲೂ ಮಾರ್ಮನ್ ಮುಂತಾದ ದೊಡ್ಡ ಚಿಟ್ಟೆಗಳು ಹೂವಿನಿಂದ ಹೀರುವಾಗಲೂ ಮುಂದಿನ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಅವುಗಳಿಗೆ 1/1000 ಸೆಕೆಂಡ್, ಸಾಧ್ಯವಾದರೆ ಇನ್ನೂ ವೇಗ ಬೇಕು. ಬಡಿತದ ತುದಿಯಲ್ಲಿ ರೆಕ್ಕೆ ಒಂದು ಕ್ಷಣ ತಡೆಯುತ್ತದೆ, ಆದ್ದರಿಂದ ಸಾಲಾಗಿ ಹತ್ತು ಹದಿನೈದು ಚಿತ್ರ ತೆಗೆಯಿರಿ. ಬಡಿಯುವ ರೆಕ್ಕೆ ಮಸುಕಾಗದೆ ಓರೆಯಾಗಿ ಬಾಗಿದಂತೆ ಬಂದಿದ್ದರೆ ಅದು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್‌ನ ಗುಣ. ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ.

ಹೂವು ಮತ್ತು ಚಿಟ್ಟೆ ಎರಡೂ ಕದಡಿ ನೆಲದ ಕಲ್ಲು ಮಾತ್ರ ಸ್ಪಷ್ಟವಾಗಿದ್ದರೆ ಗಾಳಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಅಲ್ಲಿನ ಹುಲ್ಲು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಗಾಳಿಗೆ ಲಯವಿರುತ್ತದೆ, ಬೀಸುಗಳ ನಡುವಿನ ಬಿಡುವಿಗೆ ಕಾಯಬೇಕು. ನೆಲಕ್ಕೆ ಊರಿದ ಕಡ್ಡಿಗೆ ಹೂವಿನ ತೊಟ್ಟನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಮೆಲ್ಲಗೆ ಹಿಡಿಸುವುದೂ ಉಂಟು. ಆದರೆ ಚಿಟ್ಟೆ ಬರುವ ಮೊದಲೇ ಹಿಡಿಸಿರಬೇಕು.

ನಾಲ್ಕನೆಯ ಬಗೆ ಹುಡುಗನ ಬ್ಲೂ ಟೈಗರ್‌ನದು: ಎಲ್ಲೋ ಒಂದು ಕಡೆ ಚಿತ್ರ ಅತ್ಯಂತ ಸ್ಪಷ್ಟ, ಆದರೆ ಬೇಕಾದ ಜಾಗದಲ್ಲಲ್ಲ. ಸ್ಪಷ್ಟತೆ ಚಿಟ್ಟೆಯ ಹಿಂದೆ ಬಿದ್ದಿದೆಯೋ ಮುಂದೆ ಬಿದ್ದಿದೆಯೋ ನೋಡಿ. ಒಮ್ಮೆ ಹಿಂದೆ, ಒಮ್ಮೆ ಮುಂದೆ ಎಂದು ಬದಲಾಗುತ್ತಿದ್ದರೆ ನಿಮ್ಮ ಮೈ ತೂಗುತ್ತಿದೆ. ಫೋಕಸ್ ಹಿಡಿದ ಮೇಲೆ ಗುಂಡಿ ಒತ್ತುವಷ್ಟರಲ್ಲಿ ತಲೆ ಒಂದೆರಡು ಮಿಲಿಮೀಟರ್ ಸರಿದರೂ ಸಾಕು. ಪ್ರತಿ ಬಾರಿಯೂ ಒಂದೇ ಕಡೆಗೆ, ಅಷ್ಟೇ ಅಂತರಕ್ಕೆ ತಪ್ಪುತ್ತಿದ್ದರೆ ಮಾತ್ರ ಉಪಕರಣದ ಮೇಲೆ ಅನುಮಾನ ಪಡಬಹುದು. ಅದಕ್ಕೊಂದು ಮನೆಯ ಪರೀಕ್ಷೆ ಇದೆ. ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ನಡುವಿನ ಒಂದು ಸಾಲಿಗೆ ಪೆನ್ನಿನಿಂದ ಗೆರೆ ಎಳೆಯಿರಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಓರೆಯಾಗಿ ನಿಲ್ಲಿಸಿ, ಆ ಸಾಲಿಗೆ ಫೋಕಸ್ ಮಾಡಿ, ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು) ಪೂರ್ತಿ ತೆರೆದು ಐದು ಚಿತ್ರ ತೆಗೆಯಿರಿ. ಐದರಲ್ಲೂ ಗೆರೆ ಎಳೆದ ಸಾಲನ್ನು ಬಿಟ್ಟು ಆಚೆಯ ಸಾಲು ಸ್ಪಷ್ಟವಾಗಿದ್ದರೆ ಆ ಚಿತ್ರಗಳನ್ನು ಅಳಿಸದೆ ಇಟ್ಟುಕೊಳ್ಳಿ. ಹಾಗಾದರೆ ರಿಪೇರಿಯವರ ಬಳಿ ಹೋಗಲೇಬೇಕು.

ಲಕ್ಷಣ: ಕಣ್ಣು ಸ್ಪಷ್ಟವಾಗಿದೆ, ರೆಕ್ಕೆ ಮಂಕಾಗಿದೆ

ಇದು ದೋಷವಲ್ಲ, ಲೆಕ್ಕ. ಹಲವು ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಅಳತೆಯ ಸೆನ್ಸರಿನ (ಬಿಂಬ ಹಿಡಿಯುವ ಫಲಕದ) ಮೇಲೆ ಚಿಟ್ಟೆಯ ಬಿಂಬ ಅದರ ನಿಜ ಗಾತ್ರದಷ್ಟೇ ಬೀಳುವಷ್ಟು ಹತ್ತಿರ ಹೋಗಿ, ಅಪರ್ಚರ್ ಎಫ್/8 ಇಟ್ಟರೆ, ಸ್ಪಷ್ಟವಾಗಿ ಕಾಣುವ ಆಳ ಸುಮಾರು 0.6 ಮಿಲಿಮೀಟರ್ ಮಾತ್ರ. ಬಿಂಬ ಅರ್ಧ ಗಾತ್ರಕ್ಕೆ ಇಳಿಯುವಷ್ಟು ಹಿಂದೆ ಸರಿದರೆ ಅದೇ ಆಳ 2 ಮಿಲಿಮೀಟರ್‌ನಷ್ಟಾಗುತ್ತದೆ. ಕಾಲು ಗಾತ್ರಕ್ಕೆ ಸರಿದರೆ 6 ಮಿಲಿಮೀಟರ್ ದಾಟುತ್ತದೆ. ಕಾಲು ಗಾತ್ರದಲ್ಲಿ ಚೌಕಟ್ಟಿನ ಅಗಲ ಸುಮಾರು ಒಂಬತ್ತು ಸೆಂಟಿಮೀಟರ್. ರೆಕ್ಕೆ ಮಡಿಸಿ ಕುಳಿತ ಬ್ಲೂ ಟೈಗರ್‌ಗೆ ಅಷ್ಟು ಜಾಗ ಧಾರಾಳ.

ಅಂದರೆ ಹತ್ತಿರದ ಚಿತ್ರಕ್ಕೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಎಷ್ಟು ಹತ್ತಿರ ಬಿಡುತ್ತದೋ ಅಷ್ಟು ಹತ್ತಿರ ಹೋಗಲೇಬೇಕೆಂಬ ಹಟವೇ ಅರ್ಧ ತೊಂದರೆಗೆ ಕಾರಣ. ಹುಲ್ಲಿನ ಬುಡದಲ್ಲಿ ಹಾರುವ, ಉಗುರಿನಷ್ಟೇ ಇರುವ ಗ್ರಾಸ್ ಜ್ಯುವೆಲ್‌ಗೆ ಆ ಹತ್ತಿರ ಬೇಕು. ಅಂಗೈಯಗಲದ ಬರ್ಡ್‌ವಿಂಗ್‌ಗೆ ಬೇಡ. ಅದಕ್ಕೆ ನಿಮ್ಮಲ್ಲಿರುವ ಹಳೆಯ 70–300 ಮಿಮೀ ಲೆನ್ಸೇ ಹೆಚ್ಚು ಅನುಕೂಲ. ಇದನ್ನು ನಾನು ಬಲವಾಗಿ ನಂಬುತ್ತೇನೆ: ಚಿಟ್ಟೆಯ ಚಿತ್ರಕ್ಕೆ ಹತ್ತಿರಕ್ಕಿಂತ ಸಮತಲ ಮುಖ್ಯ.

ಸಮತಲ ಎಂದರೆ ಏನೆಂದು ಕೈಯಲ್ಲೇ ಮಾಡಿ ನೋಡಿ. ಎರಡೂ ಅಂಗೈಗಳನ್ನು ನಮಸ್ಕಾರ ಮಾಡುವಂತೆ ಜೋಡಿಸಿ. ಇದು ರೆಕ್ಕೆ ಮಡಿಸಿದ ಚಿಟ್ಟೆ. ಕನ್ನಡಿಯ ಮುಂದೆ ಹೆಬ್ಬೆರಳು ಎದುರಾಗಿ ಹಿಡಿದರೆ ಕೈಯ ಒಂದು ಅಂಚು ಮಾತ್ರ ಕನ್ನಡಿಗೆ ಹತ್ತಿರ, ಉಳಿದದ್ದೆಲ್ಲ ದೂರ. ಪಕ್ಕಕ್ಕೆ ತಿರುಗಿಸಿ ಕೈಯ ಬೆನ್ನು ಕನ್ನಡಿಗೆ ಎದುರಾದರೆ ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಎಲ್ಲವೂ ಒಂದೇ ದೂರ. ಕ್ಯಾಮೆರಾದ ಬೆನ್ನು ರೆಕ್ಕೆಗೆ ಹಾಗೆ ಸಮಾನಾಂತರವಾಗಿರಬೇಕು. ಹಾಗಿದ್ದಾಗ ಎರಡು ಮಿಲಿಮೀಟರ್ ಆಳವೇ ಕಣ್ಣು, ಮೀಸೆ, ರೆಕ್ಕೆಯ ಅಂಚು ಎಲ್ಲವನ್ನೂ ಹಿಡಿಯುತ್ತದೆ. ಚಿಟ್ಟೆ ರೆಕ್ಕೆ ಹರಡಿ ಕುಳಿತಿದ್ದರೆ ಮೇಲಿನಿಂದ, ಮಡಿಸಿದ್ದರೆ ಪಕ್ಕದಿಂದ. ಚಿತ್ರದಲ್ಲಿ ರೆಕ್ಕೆಯ ಮೇಲ್ತುದಿ ಮಂಕಾಗಿದ್ದರೆ ಕ್ಯಾಮೆರಾ ಮೇಲಕ್ಕೋ ಕೆಳಕ್ಕೋ ವಾಲಿದೆ. ರೆಕ್ಕೆಯ ಹಿಂದಂಚು ಮಂಕಾಗಿದ್ದರೆ ಪಕ್ಕಕ್ಕೆ ತಿರುಗಿದೆ. ಮೈಯನ್ನು ಅಂಗೈಯಷ್ಟು ಸರಿಸಿದರೆ ಸರಿಹೋಗುತ್ತದೆ.

ಆಮೇಲೆ ಅಪರ್ಚರ್. ಎಫ್/8ರಿಂದ ಎಫ್/11ರವರೆಗೆ ಸಾಕು. ಇನ್ನಷ್ಟು ಆಳ ಬೇಕೆಂದು ಎಫ್/22ಕ್ಕೆ ಇಳಿಸಿದರೆ ಸಣ್ಣ ಕಿಂಡಿಯಲ್ಲಿ ಹಾಯುವ ಬೆಳಕು ಚದುರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಿಜ ಗಾತ್ರದ ಬಿಂಬದಲ್ಲಂತೂ ಎಫ್/16 ಎಂದು ತೋರಿಸುವ ಕಿಂಡಿ ಎಫ್/32ರಂತೆ ವರ್ತಿಸುತ್ತದೆ.

ಲಕ್ಷಣ: ಫೋಕಸ್ ಹಿಂದಕ್ಕೂ ಮುಂದಕ್ಕೂ ಓಡುತ್ತದೆ, ನಿಲ್ಲುವುದೇ ಇಲ್ಲ

ಒಂದು ಹೆಜ್ಜೆ ಹಿಂದೆ ಬನ್ನಿ. ಫೋಕಸ್ ಕೂಡಲೇ ಹಿಡಿದರೆ ನೀವು ಲೆನ್ಸಿನ ಕನಿಷ್ಠ ದೂರದೊಳಗೆ ನುಗ್ಗಿದ್ದಿರಿ ಎಂದರ್ಥ. ಆಗಲೂ ಹಿಡಿಯದಿದ್ದರೆ ಲೆನ್ಸಿನ ಪಕ್ಕದಲ್ಲಿರುವ ದೂರದ ಮಿತಿಯ ಸ್ವಿಚ್ಚನ್ನು ನೋಡಿ. ಅದು ದೂರದ ಕಡೆಗಿದ್ದರೆ ಹತ್ತಿರದ ವಸ್ತುವನ್ನು ಹುಡುಕುವುದೇ ಇಲ್ಲ. ಚೀಲದೊಳಗೆ ಉಜ್ಜಿ ಈ ಸ್ವಿಚ್ಚುಗಳು ತಾವಾಗಿ ಸರಿಯುವುದು ಸಾಮಾನ್ಯ. ಮೂರನೆಯದಾಗಿ, ಫೋಕಸ್ ಚೌಕವನ್ನು ಚಿಟ್ಟೆಯ ಬಣ್ಣದ ಬಯಲಿನ ಮೇಲಿಡದೆ ಕಣ್ಣಿನ ಅಂಚಿಗೋ ರೆಕ್ಕೆಯ ಕಪ್ಪು ನರಕ್ಕೋ ಇಡಿ. ಫೋಕಸ್ ವ್ಯವಸ್ಥೆಗೆ ಹಿಡಿಯಲು ಒಂದು ಅಂಚು ಬೇಕು.

ಸಿಲ್ವರ್ ಓಕ್‌ನ ದಟ್ಟ ನೆರಳಿನಲ್ಲಿ ಇವೆಲ್ಲವೂ ಸೋಲಬಹುದು. ಆಗ ಸ್ವಯಂಚಾಲಿತ ಫೋಕಸನ್ನು ಆಫ್ ಮಾಡಿ, ಕೈಯಿಂದ ಬೇಕಾದ ದೂರಕ್ಕೆ ನಿಲ್ಲಿಸಿ, ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಿಸುತ್ತ ಕಣ್ಣು ಸ್ಪಷ್ಟವಾದ ಗಳಿಗೆಯಲ್ಲಿ ಸಾಲಾಗಿ ತೆಗೆಯಿರಿ. ಹಳೆಯ ವಿಧಾನ, ಇಂದಿಗೂ ಇದಕ್ಕಿಂತ ನೆಚ್ಚಬಹುದಾದದ್ದು ನನಗೆ ಸಿಕ್ಕಿಲ್ಲ.

ಕಟ್ಟಕಡೆಗೆ, ಕ್ಯಾಮೆರಾ ಆಫ್ ಮಾಡಿ ಲೆನ್ಸ್ ಕಳಚಿ, ಬಂಗಾರದ ಬಣ್ಣದ ಸಂಪರ್ಕ ಬಿಂದುಗಳನ್ನು ಒಣ ಮೆದು ಬಟ್ಟೆಯಿಂದ ಒರೆಸಿ ಜೋಡಿಸಿ. ಒಳಗಿನಿಂದ ಕಿರ್ರೆಂಬ ಸದ್ದು ಬರುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ, ಬಲವಂತವಾಗಿ ತಿರುಗಿಸಬೇಡಿ.

ಮೊಬೈಲಿನವರಿಗೆ ಬೇರೆಯದೇ ಸಮಸ್ಯೆ. ಹತ್ತಿರ ಒಯ್ದ ಕೂಡಲೇ ಚಿತ್ರ ಜಿಗಿದಂತಾಗಿ ಬಣ್ಣ, ಅಗಲ ಬದಲಾಗುತ್ತದೆ. ಮೊಬೈಲ್ ತಾನಾಗಿ ಮುಖ್ಯ ಲೆನ್ಸ್ ಬಿಟ್ಟು ಅಗಲ ನೋಟದ ಲೆನ್ಸಿಗೆ ಹೋಗಿದೆ. ಅದಕ್ಕೆ ನಾಲ್ಕೈದು ಸೆಂಟಿಮೀಟರ್ ಹತ್ತಿರ ಬೇಕು, ಅಷ್ಟು ಹತ್ತಿರ ಚಿಟ್ಟೆ ಬಿಡುವುದು ಅಪರೂಪ. ತಾನಾಗಿ ಬದಲಾಗುವ ಮ್ಯಾಕ್ರೋ ಆಯ್ಕೆಯನ್ನು ಆಫ್ ಮಾಡಿ. ಒಂದೂವರೆ ಅಡಿ ದೂರ ನಿಂತು 2x ಅಥವಾ 3x ಒತ್ತಿ, ಚಿಟ್ಟೆಯ ಮೇಲೆ ಬೆರಳನ್ನು ಒತ್ತಿಹಿಡಿದು ಫೋಕಸನ್ನು ಬೀಗ ಹಾಕಿ.

ಲಕ್ಷಣ: ಬಿಳಿ ರೆಕ್ಕೆ ಸುಟ್ಟುಹೋಗಿದೆ, ಕಪ್ಪು ರೆಕ್ಕೆ ಬೂದಿಯಾಗಿದೆ

ಕ್ಯಾಮೆರಾದ ಬೆಳಕಿನ ಮಾಪಕ ಎಲ್ಲವನ್ನೂ ನಡುಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ಕಾಮನ್ ಕ್ರೋ ಚೌಕಟ್ಟು ತುಂಬಿದ್ದರೆ ಅದನ್ನು ಬೆಳಗಿಸಿ ಬೂದಿ ಮಾಡುತ್ತದೆ. ಚಿತ್ರದ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಎಕ್ಸ್‌ಪೋಷರ್ ತಿದ್ದುಪಡಿಯನ್ನು −0.7ರಿಂದ −1ಕ್ಕೆ ಇಳಿಸಿ. ಚಿಕ್ಕ ಬಿಳಿ ಚಿಟ್ಟೆ ಕಡುಹಸಿರು ಕಾಫಿ ಎಲೆಯ ನಡುವೆ ಕುಳಿತಿದ್ದರೆ ಮಾಪಕ ಹಸಿರಿಗೆ ಮೋಸಹೋಗಿ ಬಿಳಿಯನ್ನು ಸುಡುತ್ತದೆ, ಇಲ್ಲಿಯೂ ಇಳಿಸಬೇಕು. ಅದೇ ಬಿಳಿ ಚಿಟ್ಟೆ ಚೌಕಟ್ಟನ್ನೆಲ್ಲ ತುಂಬಿ ಕೆಸರುಬಣ್ಣವಾಗಿ ಬಂದಿದ್ದರೆ ಮಾತ್ರ +0.7ಕ್ಕೆ ಏರಿಸಿ. ಸುಟ್ಟ ಬಿಳಿಯಲ್ಲಿ ಏನೂ ಉಳಿದಿರುವುದಿಲ್ಲ, ಕತ್ತಲಾದುದನ್ನು ಆಮೇಲೆ ಎತ್ತಬಹುದು; ಅನುಮಾನ ಬಂದಾಗ ಇಳಿಸುವುದೇ ಕ್ಷೇಮ.

ಪ್ಯಾರಿಸ್ ಪೀಕಾಕ್‌ನ ನೀಲಿ ಮಚ್ಚೆ ಒಂದು ಚಿತ್ರದಲ್ಲಿ ಹೊಳೆದು ಮುಂದಿನದರಲ್ಲಿ ಆರಿಹೋದರೆ ಗಾಬರಿಯಾಗಬೇಡಿ. ಆ ಬಣ್ಣ ಹುಟ್ಟುವುದು ರೆಕ್ಕೆಯ ಹುರುಪೆಗಳ ಸೂಕ್ಷ್ಮ ರಚನೆಗೆ ಬೆಳಕು ತಾಗುವ ಕೋನದಿಂದ. ಕ್ಯಾಮೆರಾದ ತಲೆಯ ಮೇಲಿನ ಫ್ಲ್ಯಾಶ್ ನೇರ ಬಿದ್ದರೆ ಹುರುಪೆಗಳು ಪಿಂಗಾಣಿಯಂತೆ ಮಿಂಚುತ್ತವೆ. ಫ್ಲ್ಯಾಶಿನ ಮುಂದೆ ಬೆಣ್ಣೆ ಕಾಗದವನ್ನು ಎರಡು ಪದರ ಕಟ್ಟಿ. ಫ್ಲ್ಯಾಶ್ ಹಾಕಿದಾಗ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದಿದ್ದರೆ ಶಟರ್ ವೇಗ ಫ್ಲ್ಯಾಶಿನ ಮಿತಿ ದಾಟಿದೆ, 1/200ಕ್ಕೆ ಇಳಿಸಿ. ಫ್ಲ್ಯಾಶ್ ಹೊತ್ತದಿದ್ದರೆ ಬ್ಯಾಟರಿ ಬದಲಾಯಿಸುವುದಷ್ಟೇ ನಿಮ್ಮ ಕೆಲಸ. ಅದನ್ನು ಬಿಚ್ಚಬೇಡಿ, ಒಳಗಿನ ಕೆಪಾಸಿಟರ್ ಬ್ಯಾಟರಿ ತೆಗೆದ ಮೇಲೂ ಪ್ರಾಣಾಪಾಯದ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ.

ಲಕ್ಷಣ: ಎಲ್ಲ ಸರಿಯಿದೆ, ಆದರೂ ಚಿತ್ರ ಕಣ್ಣಿಗೆ ಹಿತವಾಗಿಲ್ಲ

ಚಿಟ್ಟೆಯನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದ ಚಿತ್ರವನ್ನು ನೋಡಿ. ಬಿಳಿ ಆಕಾಶದ ಚೂರುಗಳು, ಅಡ್ಡ ಹಾಯ್ದ ಕಡ್ಡಿ, ಚಿಟ್ಟೆಯ ತಲೆಯಿಂದಲೇ ಹೊರಟಂತೆ ಕಾಣುವ ಹುಲ್ಲು ಕಾಣಿಸಿದರೆ ದೋಷ ಹಿನ್ನೆಲೆಯದು. ಒಂದು ಗೇಣು ಎಡಕ್ಕೋ ಬಲಕ್ಕೋ ಸರಿದರೆ ಹಿನ್ನೆಲೆ ಪೂರ್ತಿ ಬದಲಾಗುತ್ತದೆ. ಇಷ್ಟು ಹತ್ತಿರದ ಚಿತ್ರದ ದೊಡ್ಡ ಸೌಲಭ್ಯವೇ ಇದು. ಚಿಟ್ಟೆಗೂ ಹಿಂದಿನ ಗಿಡಕ್ಕೂ ನಾಲ್ಕೈದು ಅಡಿ ಅಂತರ ಸಿಗುವ ಕೋನವನ್ನು ಹುಡುಕಿದರೆ ಕಾಫಿ ಗಿಡಗಳ ಸಾಲೇ ಮೆತ್ತನೆಯ ಹಸಿರು ಪರದೆಯಾಗುತ್ತದೆ. ಕೊಂಬೆ ಮುರಿದು ಹಿನ್ನೆಲೆ ಚೊಕ್ಕ ಮಾಡುವುದು ಬೇಡ. ಆ ಎಲೆಯ ಅಡಿಯಲ್ಲಿ ಇನ್ನೊಂದು ಚಿಟ್ಟೆಯ ಮೊಟ್ಟೆ ಇರಬಹುದು.

ನಿಂತಲ್ಲಿಂದ ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ಚಿಟ್ಟೆ ನೆಲಕ್ಕೆ ಅಂಟಿಸಿದ ಚೀಟಿಯಂತೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಮೀಸೆಯ ತುದಿ, ಬಾಲದ ತುದಿ ಕತ್ತರಿಸಿಹೋಗಿದ್ದರೆ ಹಿಂದೆ ಸರಿಯಿರಿ. ಅದು ನೋಡುತ್ತಿರುವ ಕಡೆಗೆ ತುಸು ಹೆಚ್ಚು ಜಾಗ ಬಿಡಿ.

ಹಿನ್ನೆಲೆ ರಾತ್ರಿಯಂತೆ ಕಪ್ಪಾಗಿದ್ದರೆ ಫ್ಲ್ಯಾಶಿನ ಬೆಳಕು ಚಿಟ್ಟೆಯನ್ನು ತಲುಪಿ ಅಲ್ಲೇ ತೀರಿಹೋಗಿದೆ. ಐಎಸ್‌ಒ ಏರಿಸಿ, ಶಟರನ್ನು ನಿಧಾನ ಮಾಡಿ, ಹಿಂದಿನ ಸಹಜ ಬೆಳಕನ್ನೂ ಒಳಗೆ ಬಿಡಿ.

ಚಿಟ್ಟೆಯನ್ನು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸಿ ತೆಗೆದ ಚಿತ್ರಗಳನ್ನು ನಾನು ನೋಡಿದ್ದೇನೆ. ಕಾಲುಗಳು ಹೂವನ್ನು ಹಿಡಿದಿರುವುದಿಲ್ಲ, ನಾಲಗೆ ಹೂವಿನ ಕಡೆಗೆ ಚಾಚಿರುವುದಿಲ್ಲ. ಬದುಕಿರುವ ಜೀವಕ್ಕೆ ಹಾಗೆ ಮಾಡುವುದು ಕ್ರೌರ್ಯ, ಅಂಥ ಚಿತ್ರ ಬರದಿದ್ದರೇ ಒಳ್ಳೆಯದು. ರೆಕ್ಕೆ ಹಿಡಿದು ಬೇಕಾದ ಹೂವಿಗೆ ಕೂರಿಸುವುದೂ ಅಷ್ಟೇ. ನಿಮ್ಮ ಬೆರಳಿಗೆ ಅಂಟುವ ಬಣ್ಣದ ಪುಡಿ ಮತ್ತೆ ಬೆಳೆಯದ ಅದರ ಹುರುಪೆ.

ಲಕ್ಷಣ: ಎಲ್ಲ ಚಿತ್ರಗಳೂ ಮಂಜು ಮುಸುಕಿದಂತಿವೆ

ಎಸಿ ಕಾರಿನಿಂದ ಇಳಿದ ಹತ್ತು ನಿಮಿಷದೊಳಗೆ ಹೀಗಾದರೆ ಲೆನ್ಸಿನ ಮೇಲೆ ಹಬೆ ಕುಳಿತಿದೆ. ಒರೆಸಿದರೆ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಬಿಟ್ಟು ಹೊರಗಿನ ಬಿಸಿಗೆ ಹೊಂದಿಸಿಕೊಳ್ಳಿ. ಸೂರ್ಯ ಎದುರಿಗಿರುವಾಗ ಮಾತ್ರ ಹೀಗಾಗುತ್ತಿದ್ದರೆ ಲೆನ್ಸ್ ಹುಡ್ ಹಾಕಿ, ಇಲ್ಲವೇ ಟೋಪಿಯನ್ನು ಅಡ್ಡ ಹಿಡಿಯಿರಿ.

ಎಲ್ಲ ಹೊತ್ತಿನಲ್ಲೂ, ಎಲ್ಲ ಕೋನದಲ್ಲೂ ಮಂಜೇ ಇದ್ದರೆ ಮಲೆನಾಡಿನವರು ಬೂಷ್ಟನ್ನು ನೆನೆಯಬೇಕು. ಒಂದು ಮಳೆಗಾಲ ನನ್ನ 100 ಮಿಮೀ ಲೆನ್ಸನ್ನು ಅದರ ಚರ್ಮದ ಚೀಲದಲ್ಲೇ ಹಾಕಿ ಬಟ್ಟೆಯ ಬೀರುವಿನಲ್ಲಿಟ್ಟಿದ್ದೆ. ಜೂನ್‌ನಲ್ಲಿ ಇಟ್ಟದ್ದನ್ನು ಸೆಪ್ಟೆಂಬರ್‌ನಲ್ಲಿ ತೆಗೆದಾಗ ಹೊರಗೆ ಏನೂ ಕಾಣಲಿಲ್ಲ. ಚಿತ್ರಗಳು ಮಾತ್ರ ತೆಳು ಹಾಲಿನಲ್ಲಿ ಅದ್ದಿದಂತಿದ್ದವು. ರಾತ್ರಿ ದೀಪ ಆರಿಸಿ, ಲೆನ್ಸಿನ ಹಿಂಬದಿಯಿಂದ ಟಾರ್ಚ್ ಬಿಟ್ಟು, ಮುಂಬದಿಯಿಂದ ಓರೆಯಾಗಿ ನೋಡಿದೆ. ಗಾಜಿನ ಅಂಚಿನಿಂದ ನಡುವಿನ ಕಡೆಗೆ ಜೇಡದ ನೂಲಿನಂಥ ಬಿಳಿ ಎಳೆಗಳು ಕವಲೊಡೆದು ಹರಡಿದ್ದವು. ಸ್ವಚ್ಛ ಮಾಡಿಸಿದ ಮೇಲೂ ಗಾಜಿನ ಲೇಪನದ ಮೇಲೆ ಅವುಗಳ ಕಲೆ ಉಳಿಯಿತು. ಆ ಎಳೆಗಳು ಲೇಪನವನ್ನೇ ತಿಂದಿದ್ದವು.

ಟಾರ್ಚ್ ಪರೀಕ್ಷೆಯಲ್ಲಿ ಇಂಥ ಎಳೆ ಕಂಡರೆ ಅಲ್ಲಿಗೆ ನಿಲ್ಲಿಸಿ. ಒಳಗಿನ ಗಾಜನ್ನು ಮನೆಯಲ್ಲಿ ಬಿಚ್ಚಿದರೆ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಆಗದ ಮಾತು. ತಡ ಮಾಡಿದಷ್ಟೂ ಲೇಪನ ಹೋಗುತ್ತದೆ, ಆ ವಾರವೇ ರಿಪೇರಿಗೆ ಕೊಡಿ. ಅಲ್ಲಿಯವರೆಗೆ ಅದನ್ನು ಬೇರೆ ಲೆನ್ಸುಗಳ ಜೊತೆ ಇಡಬೇಡಿ.

ಬೂಷ್ಟು ಇಲ್ಲದವರು ಬರದಂತೆ ನೋಡಿಕೊಳ್ಳಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಚಿಕ್ಕ ಮೀಟರ್ ಇದ್ದರೆ ಸಾಕು. ಮೀಟರ್ ಶೇಕಡಾ 40ರಿಂದ 50ರ ನಡುವೆ ನಿಲ್ಲಬೇಕು. ನೀಲಿ ಹರಳು ಗುಲಾಬಿಯಾದಾಗ ತೇವ ಹೀರಿ ತುಂಬಿದೆ ಎಂದರ್ಥ; ಅಡುಗೆಗೆ ಬಳಸದ ಪಾತ್ರೆಯಲ್ಲಿ ಸಣ್ಣ ಉರಿಗೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಅದರ ನೀಲಿ ಬಣ್ಣದಲ್ಲಿ ವಿಷವಿದೆ, ಮಕ್ಕಳ ಕೈಗೆ ಸಿಗಬಾರದು. ಅಕ್ಕಿ ತುಂಬಿಸುವ ಉಪಾಯ ಬೇಡ, ಅದರ ಹಿಟ್ಟು ಲೆನ್ಸಿನ ಸಂದಿಗೆ ಸೇರುತ್ತದೆ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಲೆನ್ಸನ್ನು ಹೊರತೆಗೆದು ಬೆಳಕಿನಲ್ಲಿ ಬಳಸಿ.

ಲಕ್ಷಣ: ಪ್ರತಿ ಚಿತ್ರದಲ್ಲೂ ಒಂದೇ ಜಾಗದಲ್ಲಿ ಕಪ್ಪು ಮಚ್ಚೆ

ಲೆನ್ಸ್ ಬದಲಾಯಿಸಿದರೂ ಮಚ್ಚೆ ಅಲ್ಲೇ ಇದ್ದರೆ ಅದು ಸೆನ್ಸರಿನ ಮೇಲಿನ ಧೂಳು. ಎಫ್/16 ಇಟ್ಟು, ಫೋಕಸ್ ಬಿಟ್ಟು ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಎಲ್ಲ ಮಚ್ಚೆಗಳೂ ಕಾಣುತ್ತವೆ. ಮೊದಲು ಕ್ಯಾಮೆರಾದ್ದೇ ಸ್ವಚ್ಛತೆಯ ಆಯ್ಕೆ ಬಳಸಿ. ಆಮೇಲೆ ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಬೇಡಿ, ಬಟ್ಟೆ ತಾಗಿಸಬೇಡಿ. ಕಾಫಿ ಒಣಗಿಸುವ ಕಣದ ಹತ್ತಿರ, ಬೋರ್ಡೋ ದ್ರಾವಣ ಸಿಂಪಡಿಸುತ್ತಿರುವ ತೋಟದಲ್ಲಿ ಲೆನ್ಸ್ ಬದಲಾಯಿಸಲೇಬೇಡಿ. ಬ್ಲೋವರ್‌ಗೂ ಹೋಗದಿದ್ದರೆ ರಿಪೇರಿಯವರ ಕೆಲಸ.

ರಿಪೇರಿಗೆ ಹೋಗುವಾಗ ಕ್ಯಾಮೆರಾ ಮತ್ತು ಲೆನ್ಸ್ ಎರಡನ್ನೂ ಒಯ್ಯಿರಿ. ಜೊತೆಗೆ ದಿನಪತ್ರಿಕೆಯ ಐದು ಚಿತ್ರ, ಬಿಳಿ ಗೋಡೆಯ ಚಿತ್ರ, ತೊಂದರೆ ಕಂಡ ಎರಡು ಚಿಟ್ಟೆಯ ಚಿತ್ರಗಳನ್ನು ಕತ್ತರಿಸದೆ, ತಿದ್ದದೆ, ಮೂಲ ರೂಪದಲ್ಲೇ ಒಂದು ಮೆಮೊರಿ ಕಾರ್ಡಿನಲ್ಲಿ ಹಾಕಿಕೊಳ್ಳಿ. ಯಾವಾಗಿನಿಂದ ಹೀಗಾಯಿತು, ಬಿದ್ದಿತ್ತೇ, ನೆನೆದಿತ್ತೇ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ. ಬಿಚ್ಚುವ ಮೊದಲು ಖರ್ಚಿನ ಅಂದಾಜನ್ನು ಬರೆಸಿಕೊಂಡು, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.